ಫೋನಿನ ಆ ಕಡೆಯವಳು

ನೆನೆಸಿದ ಅವರೆಕಾಳನ್ನು ಹಿತುಕಿ ಸಿಪ್ಪೆ ಬಿಡಿಸುವಾಗ ಕೈಗೆ ಮಾತ್ರ ಕೆಲಸ, ಬಾಯಿಗೆ ಪೂರ್ತಿ ಬಿಡುವು. ಹಾಗಾಗಿ ಬೇರೆ ಹೊತ್ತಿನಲ್ಲಿ ಕೇಳಲು ಸಂಕೋಚವಾಗುವುದನ್ನೆಲ್ಲ ಜನ ಆಗ ಕೇಳಿಬಿಡುತ್ತಾರೆ. ಮಹದೇವಪುರದ ನಮ್ಮ ನಾಲ್ಕನೆಯ ಮಹಡಿಯ ಅಡುಗೆಮನೆಯಲ್ಲಿ, ಕಳೆದ ಅವರೆಯ ಕಾಲದಲ್ಲಿ, ಹಾಗೆ ಎದುರುಬದುರು ಕೂತಿದ್ದಾಗಲೇ, ಆರು ವರ್ಷದಿಂದ ನಮ್ಮಲ್ಲಿ ಅಡುಗೆ ಮಾಡುತ್ತಿರುವ ರತ್ನ ತಲೆಯೆತ್ತದೆ ಕೇಳಿದಳು.

“ಅಕ್ಕಾ, ಭಾನುವಾರ ಫ್ರೀ ಇದೀರಾ? ನಮ್ ಸಿನಿಮಾಗೆ ಒಬ್ರು ಓನರಮ್ಮ ಬೇಕು.”

ಕೃಷ್ಣರಾಜಪುರದ ಅವಳ ಬೀದಿಯಲ್ಲಿ ಮನೆಗೆಲಸಕ್ಕೆ ಹೋಗುವ ಹೆಂಗಸರು ಭಾನುವಾರಗಳಲ್ಲಿ ಒಟ್ಟು ಸೇರುತ್ತಾರೆಂದು ನನಗೆ ಗೊತ್ತಿತ್ತು. ಸೇರಿ, ಮೊಬೈಲಿನಲ್ಲಿ ಹತ್ತು ನಿಮಿಷದ ಸಿನಿಮಾ ತೆಗೆಯುತ್ತಾರೆಂದು ಗೊತ್ತಿರಲಿಲ್ಲ. ಆದರೆ ಗೆಳೆಯರೇ, ಸಿನಿಮಾಕ್ಕೆ ಕರೆ ಬಂದಾಗ ಯಾರೂ ಕಥೆ ಏನೆಂದು ಕೇಳುವುದಿಲ್ಲ, ಮೊದಲು ಕನ್ನಡಿ ನೋಡಿಕೊಳ್ಳುತ್ತಾರೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನಾನು ವರ್ಷ ವರ್ಷವೂ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ನಾಟಕ ಆಡಿಸಿದವಳು. ತಡವಾಗಿಯಾದರೂ ಯಾರೋ ನನ್ನ ಪ್ರತಿಭೆಯನ್ನು ಗುರುತಿಸಿದರೆಂದು ಭಾವಿಸಿ, ಬೀರುವಿನಿಂದ ನೇರಳೆ ಬಣ್ಣದ ರೇಷ್ಮೆ ಸೀರೆ ತೆಗೆದಿಟ್ಟೆ.

ಭಾನುವಾರ ರತ್ನಳ ಜೊತೆ ಅವಳ ಪಕ್ಕದ ಮನೆಯ ಸಲ್ಮಾ ಬಂದಳು. ವಾರವಿಡೀ ರವಿಕೆ ಹೊಲಿಯುವ ಸಲ್ಮಾ ಭಾನುವಾರ ಛಾಯಾಗ್ರಾಹಕಿ. ನಮ್ಮ ಏಣಿಯನ್ನೇ ಬಾಲ್ಕನಿಗೆ ಎಳೆದು, ಮೊಬೈಲನ್ನು ಲಂಗದ ಲಾಡಿಯಿಂದ ಅದಕ್ಕೆ ಬಿಗಿದಳು. ನನ್ನ ಸೀರೆಯನ್ನು ಇಬ್ಬರೂ ಒಂದು ಕ್ಷಣ ನೋಡಿದರು.

“ನೈಟಿ ಹಾಕ್ಕೊಂಡ್ ಬನ್ನಿ ಅಕ್ಕ,” ಎಂದಳು ರತ್ನ. “ಇದು ಬೆಳಿಗ್ಗೆ ಏಳು ಗಂಟೆ ಸೀನು.”

ಹೀಗೆ ನನ್ನ ಕಲಾಜೀವನ ನೈಟಿಯಲ್ಲಿ ಆರಂಭವಾಯಿತು. ಕಥೆ ಕಾಗದದ ಮೇಲಿರಲಿಲ್ಲ, ರತ್ನಳ ತಲೆಯಲ್ಲಿತ್ತು. ಜೋರು ಮಳೆಯ ಮರುದಿನ ಕೆಲಸದವಳ ಮನೆಯೊಳಗೆ ನೀರು ನುಗ್ಗಿದೆ. ಓನರಮ್ಮ ಕಾಫಿ ಲೋಟ ಹಿಡಿದು ಅವಳಿಗೆ ಫೋನು ಮಾಡುತ್ತಾಳೆ. ನಾನು ಹೇಳಬೇಕಾದ ಮಾತು ಇಷ್ಟೇ: “ನೀರು ಬಂದಿದ್ಯಾ? ಅಯ್ಯೋ ಪಾಪ. ಹುಷಾರು ಕಣಮ್ಮ, ನಿಧಾನವಾಗಿ ಬಾ. ಎಂಟು ಗಂಟೆಗೆಲ್ಲ ಬಂದ್ಬಿಡ್ತೀಯಲ್ಲ?”

ನಾನು ಹುಬ್ಬು ಗಂಟಿಕ್ಕಿ, ಸೊಂಟಕ್ಕೆ ಕೈಯಿಟ್ಟು, ಖಳನಾಯಕಿಯ ಗತ್ತಿನಲ್ಲಿ ಗದರಿದೆ. ರತ್ನ ತಲೆಯಾಡಿಸಿದಳು.

“ಕೆಟ್ಟವ್ರ ಥರ ಮಾಡ್ಬೇಡಿ ಅಕ್ಕ. ಈಯಮ್ಮ ಒಳ್ಳೇವ್ರೇ. ನೀವು ಯಾವಾಗ್ಲೂ ಹೆಂಗೆ ಹೇಳ್ತೀರೋ ಹಂಗೇ ಹೇಳಿ.”

ಆಗ ಹೊಳೆಯಿತು. ಹಿಂದಿನ ಮಳೆಗಾಲದಲ್ಲಿ, ಅವಳ ಬೀದಿಗೆ ನೀರು ನುಗ್ಗಿದ ದಿನ, ನಾನು ಆಡಿದ ಮಾತೇ ಅಕ್ಷರ ಬದಲಾಗದೆ ನನಗೆ ಮರಳಿ ಬಂದಿತ್ತು. ಅಂದು ಮೂರು ಸಲ ಫೋನು ಮಾಡಿದ್ದೆ. ಹತ್ತು ಗಂಟೆಗೆ ಮೊಣಕಾಲವರೆಗೆ ನೆನೆದು ಬಂದವಳಿಗೆ ಒಣ ಟವೆಲು ಕೊಟ್ಟು, ಬಿಸಿ ಕಾಫಿ ಮಾಡಿಕೊಟ್ಟಿದ್ದೆ. ಆ ಟವೆಲಿನ ಕಥೆಯನ್ನು ಆಮೇಲೆ ಹಲವರಿಗೆ ಹೇಳಿಯೂ ಇದ್ದೆ. ಅವಳ ಮನೆಯಲ್ಲಿ ಏನೇನು ನೆನೆಯಿತೆಂದು ಮಾತ್ರ ಕೇಳಿರಲಿಲ್ಲ. ನಮ್ಮ ಕರುಣೆಗೂ ಒಂದು ವ್ಯಾಕರಣವಿದೆ: ಅದು ‘ಅಯ್ಯೋ ಪಾಪ’ದಿಂದ ಶುರುವಾಗಿ ಪ್ರಶ್ನಾರ್ಥಕ ಚಿಹ್ನೆಯಲ್ಲಿ ಮುಗಿಯುತ್ತದೆ. ಇಷ್ಟು ವರ್ಷ ವ್ಯಾಕರಣ ಹೇಳಿಕೊಟ್ಟವಳ ಕಣ್ಣಿಗೆ ಅದು ಬಿದ್ದಿರಲಿಲ್ಲ.

ನಾನು ಚೌಕಾಸಿಗೆ ಇಳಿದೆ. “ರತ್ನ, ಕೊನೇಲಿ ‘ಇವತ್ತು ಬರಬೇಡ, ರಜೆ ತಗೋ’ ಅಂತ ಸೇರಿಸಿದ್ರೆ? ನೋಡೋರಿಗೆ ಒಂದು ಆದರ್ಶ ಇರತ್ತೆ.”

“ಸೇರಿಸ್ಬೋದು ಅಕ್ಕ. ಆದ್ರೆ ಸಿನಿಮಾ ಅಲ್ಲೇ ಮುಗ್ದೋಗತ್ತಲ್ಲ.”

ನಾಲ್ಕನೆಯ ಸಲ ನನ್ನ ಸ್ವಂತ ದನಿಯಲ್ಲಿ, ಪ್ರೀತಿಯಿಂದಲೇ ಹೇಳಿದೆ. “ಸೂಪರ್,” ಎಂದಳು ಸಲ್ಮಾ. ಅಷ್ಟು ನೋಯಿಸಿದ ಹೊಗಳಿಕೆ ನನಗೆ ಇನ್ನೊಂದು ಸಿಕ್ಕಿಲ್ಲ.

ಮುಂದಿನ ಭಾನುವಾರ ಪ್ರವಾಹದ ಚಿತ್ರೀಕರಣ, ರತ್ನಳ ಮನೆಯಲ್ಲಿ. ಕೆಲಸದವಳ ಪಾತ್ರವೂ ಅವಳದೇ. ಚಳಿಗಾಲದಲ್ಲಿ ಪ್ರವಾಹ ತರುವುದು ಎಲ್ಲಿಂದ? ಟ್ಯಾಂಕರು ಬಂದರಷ್ಟೇ ನೀರು ಕಾಣುವ ಆ ಬೀದಿಯವರು, ಶನಿವಾರ ಬಟ್ಟೆ ಒಗೆದ ನೀರನ್ನು ಚೆಲ್ಲದೆ ಬಕೆಟ್ಟುಗಳಲ್ಲಿ ಕೂಡಿಟ್ಟಿದ್ದರು. ಹೊಸ್ತಿಲಿನಿಂದ ಒಳಗೆ ಸುರಿದಾಗ ಪ್ರವಾಹವು ಸಾಬೂನಿನ ನೊರೆಯೊಂದಿಗೆ, ಸುವಾಸನೆ ಬೀರುತ್ತ ಹರಿಯಿತು. ಮಳೆನೀರಿಗೆ ನೊರೆಯಿರುವುದಿಲ್ಲವೆಂದು ನಾನು ತಿದ್ದಲು ಹೋದೆ. ಈ ಕಡೆಯ ನೊರೆಯುಕ್ಕುವ ಕೆರೆಗಳನ್ನು ನಾನು ನೋಡಿಯೇ ಇಲ್ಲವೇನೋ ಎಂಬಂತೆ ಹೆಂಗಸರೆಲ್ಲ ನನ್ನನ್ನು ಕನಿಕರದಿಂದ ನೋಡಿದರು.

ಕೊನೆಯ ದೃಶ್ಯಕ್ಕೆ ಜಗಳವಾಯಿತು. ಓನರಮ್ಮನ ಮೂರನೆಯ ಕರೆ ಬಂದಾಗ ಕೆಲಸದವಳು ಫೋನು ಎತ್ತಬೇಕೋ ಬೇಡವೋ?

“ಎತ್ಬಾರ್ದು, ಅಷ್ಟೇ,” ಎಂದಳು ಸಲ್ಮಾ.

ಬಾಗಿಲ ಬಳಿ ನಿಂತಿದ್ದ ಹಿರಿಯ ಹೆಂಗಸೊಬ್ಬಳು ಒಪ್ಪಲಿಲ್ಲ. “ಹೇಳೋದು ಸುಲಭ. ನಾನು ಹೋದ್ ವರ್ಷ ಎತ್ಲಿಲ್ಲ. ಮಾರನೇ ದಿನಾನೇ ಬೇರೆಯವ್ಳನ್ನ ಇಟ್ಕೊಂಡ್ರು.”

ನಾನು ಗಂಟಲು ಸರಿಮಾಡಿಕೊಂಡೆ. ಮೌನವಿರುವಲ್ಲಿ ಪಾಠ ಶುರುಮಾಡುವುದು ನಮ್ಮ ವೃತ್ತಿಯ ಚಾಳಿ.

“ಅಕ್ಕ,” ಎಂದಳು ರತ್ನ, ಮುನಿಸಿಲ್ಲದೆ. “ನೀವು ಫೋನಿನ ಆ ಕಡೆ ಇರೋರು. ಹೊರಗ್ ಹೋಗಿ ಫೋನ್ ಮಾಡಿ.”

ಹೊರಗೆ ಹೋಗಿ ಮಾಡಿದೆ. ಒಳಗೆ ಅವಳ ಮೊಬೈಲು ಬಡಿದುಕೊಳ್ಳುತ್ತಿತ್ತು. ಕಿಟಕಿಯಿಂದ ನೋಡಿದೆ: ರತ್ನ ಅದನ್ನು ದಿಟ್ಟಿಸಿ, ಕರೆ ತೆಗೆದುಕೊಳ್ಳದೆ ಅಕ್ಕಿ ಡಬ್ಬದ ಪಕ್ಕದಲ್ಲಿಟ್ಟು, ಬಾಗಿ ನೀರು ಮೊಗೆಯತೊಡಗಿದಳು. ಗಂಟೆ ಬಡಿದು ಬಡಿದು ನಿಂತಿತು. ಆಗ ಆ ಹಿರಿಯ ಹೆಂಗಸು, ಯಾರೂ ಹೇಳದೆಯೇ, ಒಂದು ಮಗ್ಗು ತೆಗೆದುಕೊಂಡು ಅವಳ ಪಕ್ಕ ಬಾಗಿದಳು. ಸಲ್ಮಾ ಚಿತ್ರೀಕರಣ ನಿಲ್ಲಿಸುವುದನ್ನೇ ಮರೆತಿದ್ದಳು; ಸಿನಿಮಾದಲ್ಲಿ ಅದೂ ಉಳಿದಿದೆ.

ತಿಂಗಳ ನಂತರ, ಶಾಲೆಯೊಂದರ ಕೋಣೆಯಲ್ಲಿ ಕಿಟಕಿಗಳಿಗೆ ರಟ್ಟು ಮುಚ್ಚಿ, ಗೋಡೆಗೆ ಮಂಚದ ಹಾಸು ಕಟ್ಟಿ ಪ್ರದರ್ಶನ ನಡೆಯಿತು. ನನ್ನ ‘ಅಯ್ಯೋ ಪಾಪ’ಕ್ಕೆ ಕೋಣೆಯ ಸೂರೇ ಹಾರುವಂತೆ ನಗು. ಮುಗಿದ ಮೇಲೆ ಒಬ್ಬಾಕೆ ನನ್ನ ಕೈ ಹಿಡಿದುಕೊಂಡಳು.

“ಸೇಮ್ ನಮ್ಮನೆ ಓನರಮ್ಮನೇ. ಎಲ್ಲಿ ಕಲ್ತ್ರಿ ಆಂಟಿ?”

“ಮನೇಲೇ,” ಎಂದೆ.

ಈ ವರ್ಷದ ಮೊದಲ ದೊಡ್ಡ ಮಳೆಯ ಮರುದಿನ ಎದ್ದಾಗ ನಮ್ಮ ಗೇಟಿನ ಮುಂದೆಯೇ ಕಾರುಗಳು ಅರ್ಧ ಮುಳುಗಿದ್ದವು. ನಾನು ಉದಾರವಾಗಿ, ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು, ರತ್ನಳಿಗೆ ಫೋನು ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಮೂರನೆಯದಕ್ಕೆ ಎತ್ತಿದಳು.

“ನೀರು ಬಂದಿದ್ಯಾ?”

“ಮಂಚದ ಕಾಲ್‌ವರ್ಗೂ ಇದೆ ಅಕ್ಕ.”

“ಅಯ್ಯೋ ಪಾಪ,” ಎಂದುಬಿಟ್ಟು ತುಟಿ ಕಚ್ಚಿಕೊಂಡೆ.

ಆ ಕಡೆ ನೀರು ಮೊಗೆಯುವ ಸದ್ದು ಕೇಳಿತು. ಆಮೇಲೆ ರತ್ನ ಕೇಳಿದಳು, “ಮುಂದಿನ ಡೈಲಾಗ್ ಮರ್ತೋಯ್ತಾ?”

“ಇಲ್ಲ ಮಾರಾಯ್ತಿ, ಇವತ್ತು ಬರಬೇಡ ಅಂತ ಹೇಳೋಕೆ ಮಾಡ್ದೆ.”

“ಬರಲ್ಲ ಅಂತ ಆರು ಗಂಟೆಗೇ ಮೆಸೇಜ್ ಹಾಕಿದೀನಲ್ಲ, ನೋಡಿಲ್ವಾ? ಇಡ್ತೀನಿ ಅಕ್ಕ, ಕೆಲ್ಸ ಇದೆ.”

ಅವಳೇ ಮೊದಲು ಇಟ್ಟಳು. ಮೆಸೇಜು ತೆರೆದೆ. ಎರಡೇ ಪದ: ‘ಇವತ್ತು ಬರಲ್ಲ.’ ನಾನು ದಯಪಾಲಿಸಲೆಂದು ಅಷ್ಟು ಜೋಪಾನವಾಗಿ ಹೊತ್ತು ತಂದಿದ್ದ ರಜೆಯನ್ನು ಅವಳು ಆಗಲೇ ತೆಗೆದುಕೊಂಡಾಗಿತ್ತು.