ಹದಿನಾಲ್ಕು ಹೆಂಗಸರ ಒಂದು ನಂಬರು

ಕಂಪ್ಲಿ ಕಡೆಯ ನಾಟಿ ಗುಂಪುಗಳಲ್ಲಿ ಹುಲುಗಮ್ಮನ ಮಾತೆಂದರೆ ಮಾತು. ಗದ್ದೆಯವರ ಜತೆ ಜಗಳಕ್ಕೆ ನಿಲ್ಲುವವಳು ಅವಳೇ, ಕುಡಿದು ಬಂದ ಗಂಡಂದಿರನ್ನು ಗದರಿಸುವವಳೂ ಅವಳೇ. ಅವಳ ಗುಂಪಿನಲ್ಲಿ ಹದಿನಾಲ್ಕು ಹೆಂಗಸರು. ಸ್ವಂತ ಫೋನಿದ್ದದ್ದು ಅವಳೊಬ್ಬಳಿಗೇ, ಉಳಿದವರ ಮನೆಯಲ್ಲಿ ಫೋನಿದ್ದರೆ ಅದು ಗಂಡನ ಜೇಬಿನಲ್ಲಿ. ಹಾಗಾಗಿ ರೇಷನ್ನಿಗಾಗಲಿ ಬ್ಯಾಂಕಿಗಾಗಲಿ ಯಾರು ನಂಬರ್ ಕೇಳಿದರೂ ಎಲ್ಲರೂ ಹುಲುಗಮ್ಮನದನ್ನೇ ಒಪ್ಪಿಸುತ್ತಿದ್ದರು.

ಆಷಾಢದಲ್ಲಿ ಕ್ಯಾನ್ಸರ್ ತಪಾಸಣೆಯ ಶಿಬಿರ ಬಂದಾಗಲೂ ಹಾಗೇ ಆಯಿತು. ನಾಚಿಕೊಂಡು ಹಿಂದೆ ಸರಿದವರನ್ನೆಲ್ಲ ಹುಲುಗಮ್ಮ ರೆಟ್ಟೆ ಹಿಡಿದು ಒಳಗೆ ಕಳಿಸಿದಳು. ಹನ್ನೆರಡನೇ ದಿನ ಆಸ್ಪತ್ರೆಯಿಂದ ಫೋನ್ ಬಂತು. ನಿಮ್ಮ ಗುಂಪಿನ ನಿಂಗಕ್ಕನ ಗರ್ಭಕೋಶದ ಬಾಯಲ್ಲಿ ಏನೋ ಕಂಡಿದೆ, ದೊಡ್ಡಾಸ್ಪತ್ರೆಗೆ ಬಂದು ಇನ್ನೊಂದು ಪರೀಕ್ಷೆ ಮಾಡಿಸಬೇಕು, ತಡ ಬೇಡ ಎಂದರು.

ನಿಂಗಕ್ಕ ಆಗ ಮೊಳಕಾಲುದ್ದ ಕೆಸರಿನಲ್ಲಿ ಸಸಿ ಹಚ್ಚುತ್ತಿದ್ದಳು. ಕೆಸರಿನಲ್ಲಿ ನಿಂತವರಿಗೆ ಕೆಟ್ಟ ಸುದ್ದಿ ಹೇಳಬಾರದು, ಬದುವಿಗೆ ಬಂದು ಕಾಲು ತೊಳೆದ ಮೇಲೆ ಹೇಳಬೇಕು ಎನ್ನುವುದು ಆ ಗುಂಪಿನ ಕಟ್ಟಳೆ. ಹುಲುಗಮ್ಮ ಸಂಜೆಯ ತನಕ ಕಾದಳು. ಕಾಲು ತೊಳೆದು ಬಂದ ನಿಂಗಕ್ಕ, ಮಗಳು ಭಾಗ್ಯ ಚೊಚ್ಚಲ ಬಾಣಂತನಕ್ಕೆ ಬರುತ್ತಿದ್ದಾಳೆಂದು ಬಾಯಿ ತುಂಬ ನಗುತ್ತ ಹೇಳಿದಳು. ಹುಲುಗಮ್ಮ ಬಾಣಂತನದ ಮಾತನ್ನೇ ಮುಂದುವರಿಸಿದಳು. ನಾಟಿ ಮುಗಿಯಲಿ ಅಂದುಕೊಂಡಳು, ಆಮೇಲೆ ಕಳೆ ಮುಗಿಯಲಿ ಅಂದುಕೊಂಡಳು. ನಿಜ ಹೇಳಬೇಕೆಂದರೆ ಇದು ಬರೀ ಕನಿಕರವಲ್ಲ. ನಿಂಗಕ್ಕನಷ್ಟು ಚುರುಕಿನ ಕೈ ಗುಂಪಿನಲ್ಲಿ ಇನ್ನೊಂದಿರಲಿಲ್ಲ. ಮತ್ತೆ ಎರಡು ಸಲ ಫೋನ್ ಬಂತು, ಎರಡು ಸಲವೂ ಹೇಳುತ್ತೇನೆಂದು ಇಟ್ಟಳು.

ದೀಪಾವಳಿ ಹೊತ್ತಿಗೆ ನಿಂಗಕ್ಕನಿಗೆ ರಕ್ತ ಹೋಗತೊಡಗಿತು. ಹುಲುಗಮ್ಮ ಇನ್ನು ಕಾಯಲಿಲ್ಲ. ಫೋನಿನ ವಿಷಯ ಎತ್ತದೆ, ಶಿಬಿರದ ಚೀಟಿ ಹಿಡಿದು ತಾನೇ ಅವಳನ್ನು ಹೊರಡಿಸಿದಳು. ಶಿಬಿರವೇನೋ ಮನೆ ಬಾಗಿಲಿಗೆ ಬರುತ್ತದೆ, ಚಿಕಿತ್ಸೆಗೆ ನಾವೇ ಎರಡು ಬಸ್ಸು ಬದಲಿಸಬೇಕು. ಮಂಗಳವಾರ ಹೋದರೆ ಆ ಪರೀಕ್ಷೆ ಗುರುವಾರ ಮಾತ್ರ ಎಂದರು, ಗುರುವಾರ ಹೋದರೆ ಡಾಕ್ಟರು ರಜೆ. ಮೂರನೇ ಸಲ ಒಳಗೆ ಕರೆದರು.

ನರ್ಸ್ ಹೇಮಾವತಿ ಪುಸ್ತಕ ತೆರೆದು, ಮೂರು ಸಲ ಫೋನ್ ಮಾಡಿದರೂ ಯಾಕೆ ಬರಲಿಲ್ಲ ಎಂದು ಕೇಳಿದರು. ನಿಂಗಕ್ಕ ತಿರುಗಿ ಹುಲುಗಮ್ಮನ ಮುಖ ನೋಡಿದಳು. ಹುಲುಗಮ್ಮ ನೆಲ ನೋಡುತ್ತಿದ್ದಳು. ನಿಂಗಕ್ಕನಿಗೆ ಅಷ್ಟು ಸಾಕಾಯಿತು.

"ಫೋನ್ ಬಂದಿತ್ರಿ. ನಾಟಿ ಬಿಟ್ಟು ನಾನಽ ಬರ್ಲಿಲ್ಲ," ಎಂದಳು.

ಇಂಥವರನ್ನು ಎಷ್ಟು ಕರೆದರೂ ಅಷ್ಟೇ ಎಂದು ಗೊಣಗುತ್ತ ನರ್ಸ್ ಅದನ್ನೇ ಬರೆದುಕೊಂಡರು. ನನ್ನ ತಪ್ಪು ಎನ್ನಲು ಹುಲುಗಮ್ಮನಿಗೆ ಬಾಯಿ ಬರಲಿಲ್ಲ. ಊರೆಲ್ಲ ಗದರಿಸುವ ಬಾಯಿ ಅದು.

ರೋಗ ಹರಡಿತ್ತು. ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳೋ ಏನೋ, ಯಾರೂ ಖಚಿತವಾಗಿ ಹೇಳಲಿಲ್ಲ. ಯುಗಾದಿಗೆ ಮುಂಚೆಯೇ ನಿಂಗಕ್ಕ ತೀರಿಕೊಂಡಳು. ಹೋಗುವ ತನಕ ಆ ಮಾತು ಎತ್ತಲಿಲ್ಲ, ಹುಲುಗಮ್ಮನೂ ಎತ್ತಲಿಲ್ಲ. ಮಣ್ಣಿನ ದಿನ ಭಾಗ್ಯ ಕೂಸನ್ನು ಮಡಿಲಲ್ಲಿಟ್ಟುಕೊಂಡೇ ಹುಲುಗಮ್ಮನ ಎರಡೂ ಕೈ ಹಿಡಿದುಕೊಂಡಳು.

"ನಮ್ಮವ್ವನ್ನ ದವಾಖಾನಿಗೆ ಕರ್ಕೊಂಡು ತಿರುಗಿದಾಕಿ ನೀನೊಬ್ಬಾಕೀನ ನೋಡು, ಚಿಗವ್ವ," ಎಂದು ಅತ್ತಳು.

ಹುಲುಗಮ್ಮ ಕೈ ಬಿಡಿಸಿಕೊಳ್ಳಲಿಲ್ಲ.