ಫೋಟೋಗಾಗಿ ಸ್ವೆಟರ್ ಬಿಚ್ಚುವವರು

ಕಳೆದ ವಾರ ಒಂದು ಬೆಳಿಗ್ಗೆ ನಮ್ಮ ಕಾಲೇಜಿನ ಗೇಟಿನಲ್ಲಿ ಗಂಗಕ್ಕ ಸ್ವೆಟರ್ ಬಿಚ್ಚುತ್ತಿದ್ದರು. ಸಿಂದಗಿಯ ಡಿಸೆಂಬರ್ ಬೆಳಗು ಅಂದರೆ ಗೊತ್ತಲ್ಲ, ಬಾಯಿ ತೆರೆದರೆ ಹೊಗೆ. ಊರಿಗೆ ಊರೇ ಸ್ವೆಟರ್ ಹುಡುಕುವ ಹೊತ್ತಿನಲ್ಲಿ ಇವರೊಬ್ಬರು ಬಿಚ್ಚುವುದೇ?

"ಯಾಕ್ರಿ ಗಂಗಕ್ಕ, ಥಂಡಿ ಆಗೂದಿಲ್ಲೇನು?"

"ಆಗ್ತೈತ್ರಿ ಸರ್. ಫೋಟೋ ತಗೋಬೇಕಲ್ರಿ."

ಗಂಗಕ್ಕ ನಮ್ಮ ಸೆಕ್ಯುರಿಟಿ ಗಾರ್ಡ್. ಕನ್ನೊಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಾರೆ. ಸೀರೆಯ ಮೇಲೆ ನೀಲಿ ಅಂಗಿ, ಅಂಗಿಯ ಮೇಲೆ ಹೆಸರಿನ ಪಟ್ಟಿ. ಅದು ಅವರ ಯೂನಿಫಾರ್ಮ್. ಅವರಿಗೆ ಸಂಬಳ ಕೊಡುವುದು ಕಾಲೇಜಲ್ಲ, ಒಂದು ಏಜೆನ್ಸಿ. ದಿನಾ ಬೆಳಿಗ್ಗೆ ಯೂನಿಫಾರ್ಮಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಅದೇ ಹಾಜರಿ. ಯೂನಿಫಾರ್ಮ್ ಸರಿಯಿಲ್ಲದಿದ್ದರೆ ಗೈರು, ಆ ದಿನದ ಸಂಬಳ ಕಟ್.

ಹಾಗಾದರೆ ಸ್ವೆಟರ್ ಹಾಕಲೇಬಾರದೇ? ಹಾಕಬಹುದು. ಆದರೆ ಏಜೆನ್ಸಿ ಕೊಟ್ಟ ನೀಲಿ ಸ್ವೆಟರನ್ನೇ ಹಾಕಬೇಕು. ಏಜೆನ್ಸಿ ಕೊಟ್ಟಿದೆಯೇ? ಇಲ್ಲ. (ಇದನ್ನು ಇನ್ನೊಮ್ಮೆ ಓದಿಕೊಳ್ಳಿ. ನಾನೂ ಇನ್ನೊಮ್ಮೆ ಕೇಳಿಸಿಕೊಂಡೆ.) ಅಂಗಿಯ ಒಳಗೆ ಹಾಕಿಕೊಳ್ಳಬಾರದೇ ಅಂದರೆ, ಗುಂಡಿ ಹತ್ತುವುದಿಲ್ಲ.

ಓದುವ ಕಾಲದಲ್ಲಿ ಪುಸ್ತಕಕ್ಕಿಂತ ಡಿಬೇಟ್ ಸ್ಟೇಜನ್ನೇ ಹೆಚ್ಚು ಸವೆಸಿದವನು ನಾನು. ಇಂಥ ನಿಯಮ ಕಂಡರೆ ಬಾಯಿ ಸುಮ್ಮನಿರುವುದಿಲ್ಲ.

"ನಾಳೆ ಸ್ವೆಟರ್ ಮ್ಯಾಲೇ ಪಟ್ಟಿ ಹಚ್ಚಿ ಫೋಟೋ ಕಳಿಸ್ರಿ. ಏನಂತಾರ ನೋಡೂಣು."

ಅವರಿಗೆ ಮನಸ್ಸಿರಲಿಲ್ಲ. "ನೀವ್ ಅಂತೀರಂತ ಕಳಿಸ್ತೇನಿ ನೋಡ್ರಿ" ಅಂದರು.

ಕಳಿಸಿದರು. ಮೆರೂನ್ ಸ್ವೆಟರ್, ಎದೆಯ ಮೇಲೆ ಹೆಸರು. ಸಂಜೆಯವರೆಗೂ ಗೇಟಿನಲ್ಲಿ ನಿಂತರು. ಇಡೀ ಕಾಲೇಜು ಅವರ ಮುಂದೆಯೇ ಒಳಗೆ ಹೋಗಿ ಹೊರಗೆ ಬಂತು. ಹಾಜರಿಯ ಪ್ರಕಾರ ಮಾತ್ರ ಗಂಗಕ್ಕ ಆ ದಿನ ಬಂದೇ ಇರಲಿಲ್ಲ.

ಮರುದಿನ ಸೂಪರ್‌ವೈಜರ್ ಮಲ್ಲು ಬಂದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಷ್ಟೂ ಕಡೆಯ ಗಾರ್ಡ್‌ಗಳನ್ನು ಬೈಕ್ ಮೇಲೆ ತಿರುಗಿ ನೋಡಿಕೊಳ್ಳುವ ಹುಡುಗ. ಮೈಮೇಲೆ ದಪ್ಪನೆಯ ಜಾಕೆಟ್. ನನಗೆ ಇದಕ್ಕಿಂತ ಒಳ್ಳೆಯ ಪಾಯಿಂಟ್ ಬೇಕೇ?

"ನಿಮಗೊಂದು ಥಂಡಿ, ಅವರಿಗೊಂದು ಥಂಡಿ ಐತೇನು?"

ಮಲ್ಲು ಜಾಕೆಟ್ ಬಿಚ್ಚಿ ಬೈಕಿನ ಸೀಟಿನ ಮೇಲಿಟ್ಟ. ಒಳಗಿನ ನೀಲಿ ಅಂಗಿಯ ಕಾಲರ್ ಸರಿಮಾಡಿಕೊಂಡು, ನಮ್ಮ ಗೇಟಿನ ಮುಂದೆ ನಿಂತು ತನ್ನ ಫೋಟೋ ತಾನೇ ತೆಗೆದುಕೊಂಡು ಕಳಿಸಿದ. ಮತ್ತೆ ಜಾಕೆಟ್ ಹಾಕಿಕೊಂಡ.

"ನನ್ನ ಮ್ಯಾಲೂ ಒಬ್ಬಾಂವ ಅದಾನ್ರಿ ಸರ್. ನಿಮ್ಮ ಮಾತು ಖರೇ ಐತಿ. ಆದ್ರ ಅಲ್ಲಿ ಕುಂತಾಂವಗ ನೀಲಿ ಕಂಡ್ರ ಟಿಕ್, ಮೆರೂನ್ ಕಂಡ್ರ ಕಟ್."

"ಸ್ವೆಟರ್ ಯಾವಾಗ ಕೊಡ್ತಾರ?"

"ಬರ್ತಾವ್ರಿ."

ಗಂಗಕ್ಕ ನಕ್ಕರು. "ಹ್ವಾದ ವರ್ಷಾನೂ ಬರ್ತಾವ ಅಂದಿದ್ದಿ, ತಮ್ಮ. ಬ್ಯಾಸಗ್ಯಾಗ ಬರ್ತಾವೇನು?"

ನಾವೇ ಒಂದು ನೀಲಿ ಸ್ವೆಟರ್ ಕೊಡಿಸುತ್ತೇವೆ ಅಂದೆ. ಅದಕ್ಕೂ ಮಲ್ಲು ಆಗುವುದಿಲ್ಲ ಅಂತ ತಲೆಯಾಡಿಸಿದ. ಅದರ ಮೇಲೆ ಏಜೆನ್ಸಿಯ ಗುರುತು ಇರಬೇಕಂತೆ.

ಇಂಥ ಡ್ರೆಸ್ಸೇ ಬೇಡ ಅಂತ ಗಂಗಕ್ಕನ ಬಾಯಿಂದಲೇ ಹೇಳಿಸೋಣ ಅಂದುಕೊಂಡೆ. ಅವರು ಒಪ್ಪಲಿಲ್ಲ.

"ಹಂಗಲ್ರಿ ಸರ್. ಅಂಗಿ ಕಾಣಬೇಕ್ರಿ. ಅಂಗಿ ಕಂಡ್ರ ಹುಡುಗ್ರು ಗಾಡಿ ನಿಂದ್ರಸ್ತಾರ, ಮೇಡಂ ಅಂತಾರ. ಮ್ಯಾಲ ಸ್ವೆಟರ್ ಇತ್ತಂದ್ರ, 'ಏ ಆಯಿ, ಆಕಡೆ ಸರಿ' ಅಂತ ಹೋಗೇಬಿಡ್ತಾರ."

ಡಿಬೇಟಿನಲ್ಲಿ ಇಂಥ ಮಾತು ಎದುರಾಳಿಯಿಂದ ಬರಬೇಕು. ಇಲ್ಲಿ ನಾನು ಯಾರ ಪರ ನಿಂತಿದ್ದೆನೋ ಅವರಿಂದಲೇ ಬಂತು. ಒಪ್ಪಿಕೊಳ್ಳದೆ ಉಪಾಯವಿರಲಿಲ್ಲ.

ಯೂನಿಫಾರ್ಮ್ ಕೊಡುವ ಮರ್ಯಾದೆ ಸುಳ್ಳಲ್ಲ. ಅದೇ ಹೆಂಗಸು, ಅದೇ ಗೇಟು. ಅಂಗಿ ಕಂಡರೆ ಮೇಡಂ, ಕಾಣದಿದ್ದರೆ ಆಯಿ, ಯಾವುದೋ ಮುದುಕಿ. (ನಮ್ಮ ಹುಡುಗರಿಗೆ ಪಾಠ ಮಾಡುವವನು ನಾನೇ. ಅದನ್ನೂ ಯೋಚಿಸಬೇಕು.) ಹಾಗಾಗಿ ಅಂಗಿ ಎದ್ದು ಕಾಣಲಿ. ಆದರೆ ಅಂಗಿ ಕಾಣಲೇಬೇಕು ಅನ್ನುವವರು, ಅದರೊಳಗೆ ಒಂದು ಮೈ ಇದೆ ಅನ್ನುವುದನ್ನೂ ಕಾಣಬೇಡವೇ? ಸ್ವೆಟರ್ ಕೊಡದೆ ಸ್ವೆಟರಿನ ಬಣ್ಣ ಕೇಳುವುದಕ್ಕೆ ಶಿಸ್ತು ಅನ್ನುತ್ತೀರಾ?

ನನ್ನ ಸ್ವೆಟರಿನ ಎದೆಯ ಮೇಲೆ ಜಿಂಕೆಯ ಚಿತ್ರವಿದೆ. ಹಸಿರು ಜಿಂಕೆ. ಅದನ್ನು ಹಾಕಿಕೊಂಡೇ ಕ್ಲಾಸಿಗೆ ಹೋಗುತ್ತೇನೆ. ಯಾವತ್ತೂ ನನಗೆ ಗೈರು ಬಿದ್ದಿಲ್ಲ. ನಿಯಮಗಳಿಗೂ ಗೊತ್ತು, ಯಾರ ಸ್ವೆಟರ್ ಕೇಳಬೇಕು, ಯಾರದ್ದು ಕೇಳಬಾರದು ಅಂತ.

ಹೊರಡುವಾಗ ಮಲ್ಲು ದನಿ ತಗ್ಗಿಸಿ ಹೇಳಿದ, "ನಾಳೆ ಸ್ವೆಟರ್ ಬಿಚ್ಚಿ ಫೋಟೋ ಕಳಿಸು ಅಕ್ಕ. ನಿನ್ನ ಗೈರು ನಾ ಸರಿ ಮಾಡಸ್ತೇನಿ."

ಮರುದಿನ ನಾನು ಗೇಟಿಗೆ ಬಂದಾಗ ಗಂಗಕ್ಕ ನನ್ನನ್ನೇ ಕಾಯುತ್ತಿದ್ದರು. ಸ್ವೆಟರ್ ಬಿಚ್ಚಿ ನನ್ನ ಕೈಗೆ ಕೊಟ್ಟರು, ಅದರ ಮೇಲೆ ಮೊಬೈಲ್ ಇಟ್ಟರು.

"ನೀವೇ ತಗೀರಿ ಸರ್. ನನ್ನ ಕೈ ನಡಗತಾವ. ಫೋಟೋ ಮಂಜ ಬರ್ತೈತಿ."

ನನ್ನ ಜಿಂಕೆಯ ಮೇಲೆ ಅವರ ಮೆರೂನ್ ಸ್ವೆಟರ್ ಹಾಕಿಕೊಂಡು ಫೋಟೋ ತೆಗೆದೆ. ಅವರು ನೆಟ್ಟಗೆ ನಿಂತಿದ್ದರು, ಉಸಿರು ಬಿಗಿಹಿಡಿದು. ಫೋಟೋ ಚೆನ್ನಾಗಿ ಬಂತು. ಕಳಿಸಿದ ಕೂಡಲೇ ಆ ಕಡೆಯಿಂದ ಟಿಕ್ ಬಂತು. ಮಲ್ಲು ಮಾತು ಉಳಿಸಿಕೊಂಡ, ಹಿಂದಿನ ಗೈರೂ ಹೋಯಿತು.

ಚಳಿಯೂ ಫೋಟೋದಲ್ಲಿ ಕಾಣುವಂತಿದ್ದರೆ, ಗೈರು ಯಾರಿಗೆ ಬೀಳುತ್ತಿತ್ತು?