ತಗಡಿನಡಿಯ ತೊಟ್ಟಿಲು

ನನ್ನ ಅಕ್ಷರ ದುಂಡಗಿಲ್ಲ. ಅರ್ಧಕ್ಕೇ ಶಾಲೆ ಬಿಟ್ಟವಳ ಮಾತಿಗೆ ಸೊಗಸೂ ಇಲ್ಲ. ಓದುವವರು ಕ್ಷಮಿಸಬೇಕು. ನಮ್ಮ ಚಾಳಿನ ರಾಜೀವಿಯಕ್ಕ ಹೇಳಿದ್ದನ್ನು ಎರಡೆರಡು ಸಲ ಕೇಳಿಕೊಂಡೇ ಇದನ್ನು ಬರೆದಿದ್ದೇನೆ.

ರಾಜೀವಿ ಉಡುಪಿ ಕಡೆಯವಳು. ಗಂಡ ಸದಾನಂದ ಮಾಟುಂಗದ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಾನೆ. ವಡಾಲದ ಚಾಳಿನ ಮೇಲಂತಸ್ತಿನಲ್ಲಿ ಅವರದು ಒಂದೇ ಕೋಣೆ, ತಲೆಯ ಮೇಲೆ ತಗಡು. ಐವತ್ತನಾಲ್ಕನೇ ಇಸವಿಯ ಈ ಜನವರಿಯಲ್ಲಿ ಅವಳಿಗೆ ಎರಡನೆಯ ಮಗು ಹುಟ್ಟಿತು. ಮೊದಲನೆಯದು ಇಂಥದೇ ಒಂದು ಚಳಿಗಾಲದಲ್ಲಿ, ಇದೇ ಕೋಣೆಯಲ್ಲಿ, ಜ್ವರ ಬಂದು ತೀರಿಕೊಂಡಿತ್ತು.

ಈ ಸಲ ಬಾಣಂತನಕ್ಕೆ ಏನೂ ಕಮ್ಮಿಯಾಗಬಾರದೆಂದು ಅತ್ತೆ ಶೀಲಾವತಿಯಮ್ಮ ಊರಿಂದ ಬಂದರು. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೆ ಸೀರೆ ತುರುಕಿ, ಚಾಪೆಯ ಪಕ್ಕ ಸಿಗಡಿ, ಅಂದರೆ ಕೆಂಡದ ಪುಟ್ಟ ಒಲೆ, ಇಟ್ಟರು. ಇಲಿ ಕಾಟವೆಂದು ತೊಟ್ಟಿಲನ್ನು ಮೇಲಿನ ತೊಲೆಗೆ ಗಿಡ್ಡ ಹಗ್ಗದಲ್ಲಿ, ಆಳೆತ್ತರಕ್ಕೆ ಕಟ್ಟಿದರು.

ವಾರ ಕಳೆಯುವುದರೊಳಗೆ ಮಗುವಿನ ಮೈ ಕಾದಿತು. ಹಾಲು ಬಿಟ್ಟಿತು. ಅಳುವುದಕ್ಕೂ ತ್ರಾಣವಿರಲಿಲ್ಲ.

"ಶೀತ ಹೊಕ್ಕಿದೆ," ಅಂದರು ಅತ್ತೆ. "ಇನ್ನೆರಡು ಕೆಂಡ ಹಾಕು."

ಚಾಪೆಯ ಮೇಲೆ ರಾಜೀವಿಯ ಪಾದಗಳು ನಿಜವಾಗಿಯೂ ತಣ್ಣಗಿದ್ದವು. ಅದಕ್ಕೇ ನಂಬಿದಳು. ಕೈಯಾರೆ ಕೆಂಡ ಹಾಕಿದಳು. ಮೊದಲ ಮಗುವಿನ ತೊಟ್ಟಿಲೂ ಇಷ್ಟೇ ಎತ್ತರದಲ್ಲಿತ್ತು; ಅದಕ್ಕೂ ಹೀಗೇ ಹಾಕಿದ್ದಳು.

ಪಕ್ಕದ ಕೋಣೆಯ ಧಾರವಾಡದ ಕಾಶವ್ವ ಬಾಗಿಲು ತಳ್ಳಿ ಇಣುಕಿದಳು. "ಹೋಟೆಲ್ಲಿನೋರು ಅಂತ ಕೂಸಿನ್ನೂ ಇಡ್ಲಿ ಹಂಗ ಕುದಸಾಕ ಹತ್ತೀರೇನು?"

"ನಿಮ್ಮೂರ ಬಾಣಂತನ ನಿಮಗಿರಲಿ ಮಾರಾಯ್ತಿ," ಅಂದರು ಅತ್ತೆ. "ಬಾಗಿಲು ಹಾಕಿ, ಗಾಳಿ ಬರ್ತದೆ!"

ನಿನ್ನೆ ಮಧ್ಯಾಹ್ನ ಅತ್ತೆ ಸಿಗಡಿಗೆ ಲೋಬಾನ ಹಾಕಿ ನೀರಿಗೆ ಹೋದರು. ರಾಜೀವಿ ಮಲಗಿದಲ್ಲಿಂದಲೇ ನೋಡಿದಳು. ಹೊಗೆ ನೆಟ್ಟಗೆ ಮೇಲೇರಿ ತಗಡಿನಡಿ ಹರಡಿತು. ಒಂದಿಷ್ಟು ತಣ್ಣನೆಯ ಹೊರಗೋಡೆಗುಂಟ ಇಳಿದು, ನೆಲ ಸವರಿಕೊಂಡು ಅವಳ ಪಾದ ದಾಟಿ, ಮತ್ತೆ ಸಿಗಡಿಯ ಬುಡಕ್ಕೇ ಬಂತು. ಹೊರಗೆ ಹೋಗಲು ದಾರಿಯೇ ಇಲ್ಲ. ಸುತ್ತಿ ಸುತ್ತಿ ದಟ್ಟವಾಗಿ ನಿಂತದ್ದು ಮೇಲೆ, ತೊಟ್ಟಿಲಿನ ಮಟ್ಟದಲ್ಲಿ.

ಅವಳು ಎದ್ದು ಸ್ಟೂಲು ಹತ್ತಿದಳು. ಮುಖಕ್ಕೆ ಒಲೆಬಾಯಿಯ ಝಳ ಹೊಡೆಯಿತು. ತೊಟ್ಟಿಲ ಹಗ್ಗ ಕೂಡ ಬೆಚ್ಚಗಾಗಿತ್ತು.

"ನನ್ನ ಚಿನ್ನವೇ, ಇಬ್ಬರನ್ನೂ ನಾನೇ..." ಅಂದಳು.

ಮಗುವನ್ನು ಇಳಿಸಿ ಚಾಪೆಯ ಮೇಲೆ ಮಲಗಿಸಿದಳು. ಸಿಗಡಿಯನ್ನು ಬಾಗಿಲಾಚೆಯ ಗ್ಯಾಲರಿಗೆ ತಳ್ಳಿ ಕಿಟಕಿ ಪೂರ್ತಿ ತೆರೆದಳು. ಒದ್ದೆ ಬಟ್ಟೆಯಿಂದ ಮಗುವಿನ ಮೈ ಒರೆಸುತ್ತಿದ್ದಾಗ ಅತ್ತೆ ಕೊಡ ಹೊತ್ತು ಬಂದರು.

"ಇದನ್ನೂ ಕೊಲ್ತೀಯಾ?"

"ಮೊದಲಿನದು ಸತ್ತದ್ದು ಹೇಗೆ ಅಂತ ಈಗ ಗೊತ್ತಾಯ್ತು ಅತ್ತೆ."

ಅತ್ತೆ ನಂಬಲಿಲ್ಲ. ಡಾಕ್ಟರು ಬಂದು ನೋಡಿ, ಈಗಲೇ ಏನೂ ಹೇಳಲಾರೆ ಅಂದರು. ಮಗು ಇನ್ನೂ ಸರಿಯಾಗಿ ಹಾಲು ಕುಡಿದಿಲ್ಲ. ತಾನು ನಿದ್ದೆಹೋದರೆ ಅತ್ತೆ ಕಿಟಕಿ ಮುಚ್ಚಿಬಿಡುತ್ತಾರೆಂದು ಅಕ್ಕ ನಿನ್ನೆಯಿಂದ ರೆಪ್ಪೆಗೆ ರೆಪ್ಪೆ ಹಚ್ಚಿಲ್ಲ. ನಾನು ಈಗ ಅವರ ಕೋಣೆಗೆ ಹೋಗುತ್ತೇನೆ; ಅಕ್ಕ ಮಲಗಿ ಏಳುವವರೆಗೆ ಆ ಕಿಟಕಿಯ ಹತ್ತಿರ ಕೂತಿರುತ್ತೇನೆ.